ದರ್ಜಿ ಬಸ್ಯೂನಿಯ ಒಂದು ಬೆರಳು

ಮೇ 6, ಶನಿವಾರ

ಸಮಸ್ತ ಕೆಮ್ಮುಗಳ ಕುಲಗುರು, ಊದಿದ ಹೊಟ್ಟೆಗಳ ಗಡಿ ಗುರುತಿಸುವ ಭೂಮಾಪಕ, ಎರಡನೇ ಮಹಡಿಯ ಗಂಡಸರ ವಾರ್ಡಿನ ಮೂವತ್ತೆರಡು ಹಾಸಿಗೆಗಳಿಗೂ ನಾಲ್ಕು ಬೆಕ್ಕುಗಳಿಗೂ ಏಕೈಕ ಅಧಿರಾಜ, ಕಾರಿಡಾರಿನ ಆ ತುದಿಯ ಹೃದಯ ಪಿಸುಗುಟ್ಟಿದರೆ ಈ ತುದಿಯಲ್ಲೇ ಆಲಿಸಬಲ್ಲ ದಿವ್ಯಕರ್ಣದ್ವಯಶೋಭಿತ, ಡಾಕ್ಟರ್ ಹಾತಿಮ್ ಷಲಬಿ ಎಂಬ ನಾನು, ಮಾತ್ರೆ ಕಂಪನಿಯವರು ಪುಕ್ಕಟೆ ಕೊಟ್ಟ ಹೇ ನೀಲಿ ರಟ್ಟಿನ ಡೈರಿಯೇ, ಈ ಶುಭಗಳಿಗೆಯಲ್ಲಿ ನಿನ್ನನ್ನು ನನ್ನ ಆಸ್ಥಾನದ ಇತಿಹಾಸಕಾರನಾಗಿ ನೇಮಿಸಿದ್ದೇನೆ. ಸಂಬಳವಿಲ್ಲ. ಚಹಾ ಚೆಲ್ಲಿದರೆ ಸಹಿಸಿಕೊಳ್ಳತಕ್ಕದ್ದು.

ವಿಷಯ ಇಷ್ಟೇ. ಜೂನ್ 14ಕ್ಕೆ ನನ್ನ ಎಂ.ಡಿ. ಪರೀಕ್ಷೆ. ಒಬ್ಬ ರೋಗಿಯನ್ನು ಮುಂದೆ ಮಲಗಿಸುತ್ತಾರೆ, ಮುಟ್ಟಿ ನೋಡಿ ಕೇಳಿ ರೋಗ ಹೇಳಬೇಕು. ನನಗಿದು ಮೂರನೇ ಸಲ, ಅಂದರೆ ಕೊನೇ ಸಲ. ಪಾಸಾದರೆ ಇದೇ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಉಪನ್ಯಾಸಕ, ಮುಂದೆ ಬಿಳಿಗೂದಲು, ಪ್ರೊಫೆಸರ್ ಪಟ್ಟ, ಹಿಂದೆ ಹನ್ನೆರಡು ಜನ ಕಿರಿಯರ ಮೆರವಣಿಗೆ. ಫೇಲಾದರೆ ಬೋಧಕ ವರ್ಗದಿಂದ ಹೆಸರು ಹೊಡೆದು ನೆಲಮಾಳಿಗೆಯ ದಾಖಲೆ ಕೋಣೆಗೆ ಇಳಿಸುತ್ತಾರೆ. ಅಲ್ಲಿ ಈಗಾಗಲೇ ನನ್ನಂಥ ಒಬ್ಬರಿದ್ದಾರೆ. ಇಲಿಗಳಿಗೆ ಹೆಸರಿಟ್ಟು ಕರೆಯುತ್ತಾರಂತೆ.

ಹಿಂದೆ ಎರಡು ಸಲವೂ ಹೃದಯದ ಕೇಸೇ ಬಂತು. ಮೊದಲ ಸಲ ಫ್ಯಾನಿನ ಗಡಗಡ. ಎರಡನೇ ಸಲ ಕಿಟಕಿಯ ಕೆಳಗೆ ಗ್ಯಾಸ್ ಮಾರುವವನು ಸಿಲಿಂಡರಿಗೆ ಸ್ಪ್ಯಾನರಿನಿಂದ ಬಾರಿಸುತ್ತ ನಿಂತಿದ್ದ. ಕಿವಿಯ ತಪ್ಪಲ್ಲ, ಊರಿನ ತಪ್ಪು. ಇತಿಹಾಸ ಇದನ್ನು ಬರೆದುಕೊಳ್ಳಲಿ.

ಈ ಸಲ ನನ್ನಲ್ಲೊಂದು ಉಪಾಯವಿದೆ. ಅದರ ಹೆಸರು ಬಸ್ಯೂನಿ ಕಾಕಾ.

ರೈಲು ಹಳಿಯ ಆಚೆ ಗಲಾಬಿಯ ಎಂಬ ಉದ್ದ ಜುಬ್ಬಾ ಹೊಲಿಯುವ ದರ್ಜಿ. ಚಿಕ್ಕಂದಿನ ಜ್ವರದಲ್ಲಿ ಹೃದಯದ ಒಂದು ಕವಾಟ ಕಿರಿದಾಗಿ ಹೋಯಿತು. ರಕ್ತ ಆ ಸಂದಿಯಲ್ಲಿ ನುಗ್ಗುವಾಗ ಒಂದು ಮರ್ಮರ ಸದ್ದು. ಆ ಸದ್ದು ನಮ್ಮ ವಿಭಾಗದ ಆಸ್ತಿ. ಇಪ್ಪತ್ತೆರಡು ವರ್ಷದಿಂದ ಪ್ರತಿ ಪರೀಕ್ಷೆಗೂ ಕಾಕಾನಿಗೆ ಕರೆ ಹೋಗುತ್ತದೆ. ಬಂದು ಅಂಗಿ ತೆಗೆದು ಮಲಗುತ್ತಾನೆ, ವಿದ್ಯಾರ್ಥಿಗಳು ಸಾಲುಗಟ್ಟಿ ಅವನೆದೆಗೆ ಸ್ಟೆತೊಸ್ಕೋಪಿನ ಕೊಳವೆ ಇಡುತ್ತಾರೆ. ನಾನು ವಿದ್ಯಾರ್ಥಿಯಾಗಿದ್ದಾಗಲೇ ಅವನಿಗೊಂದು ಗುಟ್ಟಿನ ಸನ್ನೆ ಕಲಿಸಿದ್ದೆ. ಒಂದು ಬೆರಳು ಎತ್ತಿದರೆ ಕವಾಟ ಕಿರಿದು. ಎರಡು ಎತ್ತಿದರೆ ಕವಾಟ ಸೋರುತ್ತದೆ. ಮುಷ್ಟಿ ಹಿಡಿದರೆ, ಬಾಯಿ ಮುಚ್ಚು, ಪ್ರೊಫೆಸರ್ ಬಂದರು. ಹತ್ತು ವರ್ಷದಲ್ಲಿ ಇದರಿಂದ ಪಾಸಾದ ವೈದ್ಯರು ಈಗ ನೈಲ್ ಹರಿಯುವಲ್ಲೆಲ್ಲ ಹರಡಿದ್ದಾರೆ. ದೇವರು ರೋಗಿಗಳನ್ನು ಕಾಪಾಡಲಿ.

ಯಾವ ಅಭ್ಯರ್ಥಿಗೆ ಯಾವ ಹಾಸಿಗೆ ಎಂದು ಚೀಟಿ ಹಂಚುವವಳು ಹೆಡ್ ನರ್ಸ್ ಇನ್ಸಾಫ್. ಹೆಸರಿನ ಅರ್ಥ ನ್ಯಾಯ. ನ್ಯಾಯವು ಒಂದು ಕಿಲೋ ಬಸ್ಬೂಸ ಮಿಠಾಯಿಗೆ ಒಪ್ಪಿತು.

"ಬಾದಾಮಿ ಬೀಜ ಇರೋದೇ ತರ್ಬೇಕು ಡಾಕ್ಟ್ರೇ," ಎಂದಳು. "ಬರೀ ರವೆ ತಂದ್ರೆ ನಿಮಗೆ ಮೂತ್ರಪಿಂಡದ ಕೇಸು ಕೊಡ್ತೀನಿ."

ಮೇ 9, ಮಂಗಳವಾರ

ಇಂದು ವಿದ್ಯಾರ್ಥಿಗಳ ಪರೀಕ್ಷೆ. ಕಾಕಾ ಹೊಳೆಯುವ ಬೂಟು ಹಾಕಿ ಮದುಮಗನ ಹಾಗೆ ಬಂದ. ಒಬ್ಬ ಹುಡುಗಿ ಕೊಳವೆಯನ್ನು ತಪ್ಪು ಜಾಗದಲ್ಲಿ ಇಟ್ಟು ಅಳುವ ಹಾಗಿದ್ದಳು.

"ತಾಯಿ, ಅದು ನನ್ನ ಹೊಟ್ಟೆ," ಎಂದ ಕಾಕಾ ಮೆಲ್ಲಗೆ. "ಬೆಳಿಗ್ಗೆ ತಿಂದ ಹುರುಳಿ ಸದ್ದು ಕೇಳ್ತಿದೆ ನಿಂಗೆ. ನನ್ನ ಎಡಗಡೆ ಹೊರಳ್ಸು. ಹ್ಞಾ. ಈಗ ಮೊಲೆತೊಟ್ಟಿನ ಕೆಳಗೆ. ಗಾಬರಿ ಬೇಡ, ನಾನೆಲ್ಲೂ ಓಡಿಹೋಗಲ್ಲ."

ಆಮೇಲೆ ಬೆರಳೆತ್ತಿದ. ಎಡಗೈಯದು.

"ಕಾಕಾ, ಸನ್ನೆ ಬಲಗೈಯಲ್ಲಿ ಅಂತ ಕರಾರಾಗಿದೆ," ಎಂದೆ, ಸುಲ್ತಾನನ ಗತ್ತಿನಲ್ಲಿ.

"ಬಲಗೈ ಬೆರಳು ನೋಯ್ತಿದೆ ಪಾಷಾ. ತುದಿ ಮುಟ್ಟಿದ್ರೆ ಜೀವ ಹೋಗುತ್ತೆ." ನನ್ನನ್ನು ಅವನು ಕರೆಯುವುದೇ ಪಾಷಾ, ಅಂದರೆ ದೊರೆ, ಎಂದು.

"ಸೂಜಿ ಚುಚ್ಚಿರ್ಬೇಕು."

"ಐವತ್ತು ವರ್ಷದಿಂದ ಚುಚ್ತಿದೆ. ಈ ತರ ನೋಯ್ತಿರ್ಲಿಲ್ಲ."

"ವಯಸ್ಸಾಯ್ತು ಕಾಕಾ, ಸೂಜಿಗೂ ಗೌರವ ಕಮ್ಮಿಯಾಗಿದೆ," ಎಂದೆ. ಸುತ್ತಲಿನವರೆಲ್ಲ ನಕ್ಕರು. ಕಾಕಾನೂ ನಕ್ಕ, ಸ್ವಲ್ಪ ತಡವಾಗಿ.

ಮೇ 22, ಸೋಮವಾರ

ಮರುಭೂಮಿಯ ಬಿಸಿಗಾಳಿ ಬೀಸಿ ವಾರ್ಡಿನ ಹಾಸಿಗೆಗಳ ಮೇಲೆಲ್ಲ ಮರಳು. ಬೆಕ್ಕುಗಳೂ ಸೀನುತ್ತಿವೆ. ಇಂಥ ದಿನ ಕಾಕಾ ಉಣ್ಣೆಯ ಕೋಟು ತೊಟ್ಟು ಪಾಠದ ತರಗತಿಗೆ ಬಂದ.

"ಸಂಜೆಯಾದ್ರೆ ಮೈ ನಡುಗುತ್ತೆ. ಬೆಳಗಾದ್ರೆ ದಿಂಬು ಒದ್ದೆ."

"ಪ್ರೇಮಜ್ವರ ಕಾಕಾ. ಸನಿಯ್ಯಾ ಕಾಕಿಗೆ ಹೇಳ್ಬಿಡ್ಲಾ?" ಎಂದೆ, ಅವನ ಹೆಂಡತಿಯ ಹೆಸರೆತ್ತಿ.

ನಮ್ಮ ವಿಭಾಗದ ಮುಖ್ಯಸ್ಥೆ ಪ್ರೊಫೆಸರ್ ಸುರಯ್ಯಾ ಮನ್ಸಿ ಬಂದರು. ಅವರು ಬಂದರೆ ಗೋಡೆಯ ಗಡಿಯಾರವೂ ನೆಟ್ಟಗೆ ನಿಲ್ಲುತ್ತದೆ. ಎಲ್ಲರೂ ಒಬ್ಬೊಬ್ಬರಾಗಿ ಕಾಕಾನ ಎದೆ ಆಲಿಸಿದೆವು. ನಾನೂ ಆಲಿಸಿ ಗಂಭೀರವಾಗಿ ತಲೆಯಾಡಿಸಿ, ಅವನ ಕೇಸ್ ಹಾಳೆಯಲ್ಲಿ "ಮರ್ಮರ ಸ್ಪಷ್ಟ" ಎಂದು ಬರೆದು ಸಹಿ ಹಾಕಿದೆ.

"ಜೂನ್ 14ಕ್ಕೂ ಇವನು ಬೇಕು. ಜೋಪಾನ," ಎಂದರು ಮೇಡಂ, ಹಬ್ಬಕ್ಕೆ ತಂದ ಕುರಿಯ ಬಗ್ಗೆ ಹೇಳುವ ಹಾಗೆ.

ಕಾಕಾ ನನ್ನ ಭುಜದ ಅಳತೆ ತೆಗೆದುಕೊಂಡ. ಪಾಸಾದ ಮೇಲಿನ ಸಮಾರಂಭಕ್ಕೆ ಕಪ್ಪು ನಿಲುವಂಗಿ ತಾನೇ ಹೊಲಿಯುತ್ತಾನಂತೆ. "ಬಾಡಿಗೆ ಅಂಗಿ ಹಾಕ್ಕೊಂಡು ಪ್ರೊಫೆಸರ್ ಆಗ್ತಾರೇನೋ ಮಗಾ? ಯಾರ್ಯಾರ ಬೆವರು ಕುಡಿದಿರುತ್ತೋ."

ಜೂನ್ 3, ಶನಿವಾರ

ಅಮ್ಮ ಶರಬತ್ತಿನ ಲೋಟಗಳನ್ನು ಎಣಿಸಿ ಒರೆಸಿ ಇಟ್ಟಿದ್ದಾಳೆ. ಕೆಳಮನೆಯ ಹೆಂಗಸರಿಗೆ ನಾಲಿಗೆ ಹೊರಳಿಸಿ ಹರ್ಷದ ಉಲಿ ಹಾಕಲು ಮುಂಚಿತವಾಗಿಯೇ ಆಮಂತ್ರಣ ಹೋಗಿದೆ. "ಈ ಸಲ ಫ್ಯಾನು ನಿಲ್ಸೋಕೆ ಹೇಳು," ಅಂತಾಳೆ.

ಓದಲು ಕೂತರೆ ಅಕ್ಷರಗಳು ಇರುವೆಗಳಾಗುತ್ತವೆ. ಕಾಕಾನ ಕೇಸು ಕಂಠಪಾಠ. ಬೇರೆ ಹೃದಯ ಬಂದರೆ ನಾನು ಮುಗಿದೆ. ಮೂವತ್ತೆರಡು ವಯಸ್ಸು. ಗೊತ್ತಿರುವ ಕೆಲಸ ಇದೊಂದೇ.

ಜೂನ್ 8, ಗುರುವಾರ

ನಿಲುವಂಗಿ ತೊಟ್ಟು ನೋಡಲು ಮಧ್ಯಾಹ್ನ ಕಾಕಾನ ಅಂಗಡಿಗೆ ಹೋದೆ. ಸಂತೋಷದ ಮೆರವಣಿಗೆ ಬರೆಯೋಣ ಎಂದುಕೊಂಡಿದ್ದೆ. ಬರೆಯಲಾಗುತ್ತಿಲ್ಲ.

ಕಾಕಾ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದ. "ನೀನೇ ಪೋಣಿಸು ಪಾಷಾ," ಎಂದು ಕೈ ಮುಂದೆ ಮಾಡಿದ. ಕಿಟಕಿಯ ಬೆಳಕು ಬೆರಳ ತುದಿಗಳ ಮೇಲೆ ಬಿತ್ತು. ಬಟಾಣಿಯಷ್ಟು ಕೆಂಪು ಗಂಟುಗಳು. ಸೂಜಿ ಚುಚ್ಚಿದ ಗಾಯವಲ್ಲ. ಉಗುರಿನ ಕೆಳಗೆ ಸಿಬಿರು ಹೊಕ್ಕಂತೆ ಕಂದು ಗೆರೆಗಳು. ಮುಟ್ಟಿದೆ. "ಅಯ್ಯೋ!" ಎಂದು ಕೈ ಎಳೆದುಕೊಂಡ. ಆ ಕೈ ಸುಡುತ್ತಿತ್ತು.

ಇದನ್ನು ಎರಡನೇ ವರ್ಷದ ಹುಡುಗನೂ ಬಾಯಿಪಾಠ ಒಪ್ಪಿಸುತ್ತಾನೆ. ಹಳೆಯ ಕವಾಟ, ವಾರಗಟ್ಟಲೆ ಜ್ವರ, ಬೆರಳ ತುದಿಯಲ್ಲಿ ನೋಯುವ ಗಂಟು. ಕವಾಟಕ್ಕೆ ಸೋಂಕು ಹತ್ತಿದೆ. ಆಸ್ಪತ್ರೆಗೆ ಸೇರಿಸಿ, ಮೊದಲು ರಕ್ತ ತೆಗೆದು ಯಾವ ಕ್ರಿಮಿ ಎಂದು ಬೆಳೆಸಿ ನೋಡಬೇಕು, ಆಮೇಲೆ ವಾರಗಟ್ಟಲೆ ನರಕ್ಕೆ ಮದ್ದು. ಬಿಟ್ಟರೆ ಸಾಯುತ್ತಾನೆ.

ಈ ಒಂದು ತಿಂಗಳಲ್ಲಿ ಅವನೆದೆಯ ಮೇಲೆ ಇನ್ನೂರು ಕೊಳವೆಗಳಾದರೂ ಇಳಿದಿವೆ. ಎಲ್ಲರಿಗೂ ಬೇಕಾದದ್ದು ಒಂದೇ ಸದ್ದು. ಮೈ ಬಿಸಿಯಾಗಿದೆ ಎಂದು ಒಬ್ಬನೂ ಹೇಳಲಿಲ್ಲ.

ಇವತ್ತು ಸೇರಿಸಿದರೆ 14ಕ್ಕೆ ಅವನಿಲ್ಲ. ನನಗೆ ಯಾವುದೋ ಗುರುತಿಲ್ಲದ ಹೃದಯ.

ಆರು ದಿನ. ಆರೇ ದಿನ.

ಬೀದಿಯಾಚೆ ಔಷಧದಂಗಡಿಯಿಂದ ಸೋಂಕು ಕೊಲ್ಲುವ ಮಾತ್ರೆ ತಂದುಕೊಟ್ಟೆ. "ಹೊತ್ತು ಹೊತ್ತಿಗೆ ಒಂದು ಕಾಕಾ. ಪರೀಕ್ಷೆ ಮುಗೀಲಿ, ರಾಜನ ಹಾಗೆ ಸೇರಿಸ್ಕೊಳ್ತೀನಿ."

"ಏನಿದೆ ಪಾಷಾ ನಂಗೆ?"

"ಏನಿಲ್ಲ. ಸ್ವಲ್ಪ ಜ್ವರ."

ಸನಿಯ್ಯಾ ಕಾಕಿ ಒಳಗಿನಿಂದ ಬಂದು ನನ್ನ ಹಣೆಗೆ ಕೈ ಮುಟ್ಟಿಸಿದಳು. "ನಿನ್ನ ಕೈ ತಣ್ಣಗಿರ್ಲಿ ಮಗನೇ. ನೀನಿಲ್ದಿದ್ರೆ ನಮ್ಮನ್ನ ಯಾರು ನೋಡ್ತಿದ್ರು?"

ನಿಲುವಂಗಿ ಚೆನ್ನಾಗಿ ಕೂತಿತು. ಬಲತೋಳು ಇನ್ನೂ ಹಾಕಿಲ್ಲ.

ಜೂನ್ 10, ಶನಿವಾರ

ಜ್ವರ ಇಳಿಯಿತು! ಕಾಕಾನೇ ಫೋನ್ ಮಾಡಿದ. ಒಂದಿಡೀ ಪಾರಿವಾಳ ತಿಂದನಂತೆ, ಒಳಗೆ ತುಂಬಿದ ಅನ್ನದ ಸಮೇತ.

ವಿಜಯ ಭೇರಿ ಮೊಳಗಲಿ. ಜ್ವರಮರ್ದನ ಹಾತಿಮ್ ಮಹಾರಾಜರು ನಾಲ್ಕು ದಿನ ಕಳೆಯಲಿ ಎಂದು ಕಾಯುತ್ತಿದ್ದಾರೆ. ಬಸ್ಬೂಸವನ್ನೂ ತಲುಪಿಸಿದ್ದೇನೆ, ಬಾದಾಮಿ ಸಮೇತ. ಎಲ್ಲ ಸರಿಯಿದೆ.

ಎಲ್ಲ ಸರಿಯಿದೆ. ಬೆಳಗಿನಿಂದ ನಾಲ್ಕು ಸಲ ಕೈ ತೊಳೆದೆ.

ಜೂನ್ 12, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಕಾಕಾ ನಿಲುವಂಗಿಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ವಾರ್ಡಿಗೆ ಬಂದ. ಬಾಗಿಲಲ್ಲಿ ನಿಂತು "ತೋಳು ಮಾತ್ರ ಬಾಕಿ ಪಾಷಾ..." ಎಂದ. ಆ ಮಾತು ಮಧ್ಯದಲ್ಲೇ ಕರಗಿತು. ಬಾಯಿ ಬಲಕ್ಕೆ ಜೋತುಬಿತ್ತು. ಪತ್ರಿಕೆ ಕೈಯಿಂದ ಜಾರಿತು, ಕಪ್ಪು ಬಟ್ಟೆ ನೆಲದ ಮೇಲೆ ಹರಡಿತು. ಅದರ ಮೇಲೆಯೇ ಕುಸಿದ.

ಲಕ್ವ. ಬಲಗೈ ಬಲಗಾಲು ಇಲ್ಲ. ಮಾತು ಇಲ್ಲ. ಕವಾಟದಿಂದ ಒಂದು ಚೂರು ಕಿತ್ತು ಮೆದುಳಿಗೆ ಹೋಗಿದೆ.

ಮೇಡಂ ಬಂದರು. ರೌಂಡ್ಸ್ ಹೊತ್ತಿನಲ್ಲಿ ಮನೆಯವರನ್ನು ಹೊರಗೆ ಕಳಿಸುವುದು ಇಲ್ಲಿಯ ಪದ್ಧತಿ. ಸನಿಯ್ಯಾ ಕಾಕಿ ಬಾಗಿಲಾಚೆ.

"ಇತ್ತೀಚೆಗೆ ಜ್ವರ ಇತ್ತಾ?" ಎಂದು ನನ್ನನ್ನೇ ಕೇಳಿದರು. ಕೇಸು ನನ್ನದು.

"ಇಲ್ಲ ಮೇಡಂ."

"ಮಾತ್ರೆ ಏನಾದ್ರೂ ತಗೊಂಡಿದ್ನಾ?"

"ಇಲ್ಲ ಮೇಡಂ."

"ಹಾಗಾದ್ರೆ ಹೆಪ್ಪು. ಕಿರಿದಾದ ಕವಾಟದಲ್ಲಿ ಹೆಪ್ಪುಗಟ್ಟಿ ಹಾರಿದೆ. ನಾಳೆ ಬೆಳಿಗ್ಗೆ ಸ್ಕ್ಯಾನ್ ನೋಡಿ ರಕ್ತ ತೆಳು ಮಾಡೋ ಇಂಜೆಕ್ಷನ್ ಶುರು ಮಾಡೋಣ."

ತಪ್ಪೇನಿಲ್ಲ ಅವರ ಲೆಕ್ಕ. ಥರ್ಮಾಮೀಟರಿನಲ್ಲಿ ಜ್ವರವಿಲ್ಲ, ನನ್ನ ಮಾತ್ರೆ ಅದನ್ನು ಮುಚ್ಚಿದೆ. ಬೆರಳ ಗಂಟುಗಳು ಮಾಸಿವೆ, ಉಳಿದದ್ದು ದರ್ಜಿಯ ಕೈ. ಹೃದಯದ ಸ್ಕ್ಯಾನಿನಲ್ಲೂ ಹಳೆಯ ಕವಾಟ ಸುಣ್ಣಗಟ್ಟಿ ಮಬ್ಬಾಗಿ ಕಾಣುತ್ತದೆ, ಸೋಂಕು ತಿಳಿಯುವುದಿಲ್ಲ. ಆದರೆ ಅದು ಹೆಪ್ಪಲ್ಲ, ಸೋಂಕಿನ ಚೂರು. ಸೋಂಕು ತಾಗಿದ ಮೆದುಳಿಗೆ ರಕ್ತ ತೆಳು ಮಾಡುವ ಮದ್ದು ಕೊಟ್ಟರೆ ಒಳಗೇ ರಕ್ತ ಒಡೆಯಬಹುದು.

ಇದು ಗೊತ್ತಿರುವವನು ಈ ಕಟ್ಟಡದಲ್ಲಿ ನಾನೊಬ್ಬ. ಜ್ವರ ಬಂದದ್ದು, ಮಾತ್ರೆ ನುಂಗಿದ್ದು ಕಾಕಾನಿಗೂ ಗೊತ್ತು. ಅವನಿಗೆ ಮಾತಿಲ್ಲ.

ನಾಳೆ ಬೆಳಿಗ್ಗೆ ಹತ್ತು ಗಂಟೆ.

ನಾನು ಕೆಟ್ಟವನಲ್ಲ ಎಂದು ಬರೆಯಲು ಪೆನ್ನು ಹಿಡಿದೆ. ಇತಿಹಾಸಕಾರ ಕೇಳಲಿಲ್ಲ.

ಜೂನ್ 13, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹತ್ತು ಗಂಟೆ. ಹಾಸಿಗೆ ಹನ್ನೊಂದು. ಇನ್ಸಾಫ್ ಇಂಜೆಕ್ಷನ್ ಟ್ರೇ ಹಿಡಿದು ನಿಂತಿದ್ದಳು. ಹಿಂದೆ ಎಲ್ಲ ಕಿರಿಯ ವೈದ್ಯರು. ನಾನು ಸುಮ್ಮನಿರುವುದು ಎಂದು ತೀರ್ಮಾನಿಸಿಕೊಂಡೇ ಬಂದಿದ್ದೆ. ಒಡೆದರೂ ಒಡೆಯಬಹುದು, ಒಡೆಯದಿದ್ದರೂ ಇರಬಹುದು. ನಾಳೆ ಯಾವ ಕೇಸು ಬರುತ್ತೋ ಬರಲಿ, ಕಡೇಪಕ್ಷ ಪರೀಕ್ಷೆಗೆ ಕೂರುತ್ತೇನಲ್ಲ.

ಮೇಡಂ ಎಂದಿನಂತೆ ಕೇಳಿದರು. "ಹಾತಿಮ್. ಹೇಳು. ರೋಗನಿರ್ಣಯ ಏನು?"

ಬಾಯಿ ತೆರೆದೆ. ಕೇಸ್ ಹಾಳೆಯನ್ನು ತಿರುವಿ ಹಾಕಿದೆ.

ಕಾಕಾ ನನ್ನನ್ನೇ ನೋಡುತ್ತಿದ್ದ. ಬಿಳಿ ಕೋಟುಗಳು, ಮೇಡಂ, ಪ್ರಶ್ನೆ, ತಡವರಿಸುವ ನಾನು. ಅವನಿಗೆ ಇವತ್ತೇ ಪರೀಕ್ಷೆ ಅನಿಸಿರಬೇಕು. ಎಡಗೈಯನ್ನು ಹೊದಿಕೆಯ ಅಂಚಿನಿಂದ ಮೆಲ್ಲಗೆ ಹೊರಗೆ ಎಳೆದ. ಮೇಡಂ ಕಣ್ಣಿಗೆ ಬೀಳದ ಹಾಗೆ ತೊಡೆಯ ಪಕ್ಕ ಇಟ್ಟ. ಒಂದು ಬೆರಳು ಎತ್ತಿದ.

ನನಗೆ ಕಾಣಲಿಲ್ಲವೇನೋ ಎಂದು ಆ ಬೆರಳನ್ನು ಇನ್ನೂ ಸ್ವಲ್ಪ ಮೇಲೆತ್ತಿದ.

"ಹೆಪ್ಪಲ್ಲ ಮೇಡಂ," ಎಂದೆ. "ಸೋಂಕು. ತಿಂಗಳಿಂದ ಜ್ವರ ಇತ್ತು. ಬೆರಳಲ್ಲಿ ಗಂಟಿತ್ತು. ಗುರುವಾರ ನಾನು ನೋಡಿದೆ. ಮಾತ್ರೆ ಕೊಟ್ಟು ಮುಚ್ಚಿದೆ. ಬುಧವಾರದ ಪರೀಕ್ಷೆಗೆ ನಂಗೆ ಇವನು ಬೇಕಿತ್ತು."

ಯಾರೋ ಪೆನ್ನು ಬೀಳಿಸಿದರು. ಮೇಡಂ ನನ್ನ ಮುಖ ನೋಡಲಿಲ್ಲ. "ಇನ್ಸಾಫ್, ಆ ಇಂಜೆಕ್ಷನ್ ವಾಪಸ್. ಕಲ್ಚರಿಗೆ ರಕ್ತ ತೆಗೀರಿ, ಮೂರು ಸಲ. ಆಮೇಲೆ ಸೋಂಕಿನ ಮದ್ದು, ನರಕ್ಕೆ, ಈಗಲೇ." ಆಮೇಲೆ ನನಗೆ, ತೀರಾ ಮೆಲ್ಲಗೆ, "ಕೋಟು ಬಿಚ್ಚಿ ಇಡು."

ಬಿಚ್ಚಿ ಇಟ್ಟೆ. ಕಾಕಾ ಬೆರಳು ಇಳಿಸಿರಲಿಲ್ಲ. ನಾನೇ ಹೋಗಿ ಆ ಕೈ ಹಿಡಿದು ಇಳಿಸಿದೆ.

ಜೂನ್ 14, ಬುಧವಾರ

ಪರೀಕ್ಷೆ ನಡೆಯಿತು. ನಾನಿಲ್ಲದೆ.

ಅಮ್ಮ ಲೋಟಗಳನ್ನು ಮತ್ತೆ ಕಪಾಟಿಗೆ ಸೇರಿಸಿದಳು.

ಜೂನ್ 21, ಬುಧವಾರ

ವಿಚಾರಣಾ ಸಮಿತಿ. ಐದು ಪ್ರಶ್ನೆ. ಐದಕ್ಕೂ ಹೌದು ಎಂದೆ. ಸನ್ನೆಯ ವಿಷಯವನ್ನೂ ಹೇಳಿದೆ, ಯಾರೂ ಕೇಳದಿದ್ದರೂ.

ಸನಿಯ್ಯಾ ಕಾಕಿ ಮೆಟ್ಟಿಲಲ್ಲಿ ಕೂತಿದ್ದಳು. ಅವಳಿಗೂ ಎಲ್ಲ ಗೊತ್ತಾಗಿದೆ. ಕಾಲ ಬಳಿ ನಿಂತೆ. ಚಪ್ಪಲಿ ತೆಗೆದು ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಆಸೆಯಿತ್ತು.

"ಆವತ್ತು ನಿನ್ನ ಕೈ ತಣ್ಣಗಿರ್ಲಿ ಅಂದಿದ್ದೆ," ಎಂದಳು. "ಆ ಮಾತು ವಾಪಸ್ ತಗೊಂಡಿದ್ದೀನಿ." ಸೂಪಿನ ಡಬ್ಬಿ ಮುಂದೆ ತಳ್ಳಿ, "ಹೋಗು, ಅವರಿಗೆ ಸೂಪು ಕುಡಿಸು. ನನ್ನ ಕೈಯಲ್ಲಿ ಕುಡೀತಿಲ್ಲ. ಬಾಗಿಲು ನೋಡ್ತಾರೆ."

ಹನ್ನೆರಡು ಚಮಚ ಕುಡಿದ. ಎರಡು ಚೆಲ್ಲಿತು. ಜ್ವರ ಇಲ್ಲ. ಎಡಗಣ್ಣಲ್ಲಿ ನೀರು, ಒರೆಸಿದೆ.

ಜುಲೈ 4, ಮಂಗಳವಾರ

ನನ್ನ ಕುರ್ಚಿ ಈಗ ನೆಲಮಾಳಿಗೆಯಲ್ಲಿ. ಇಲಿಗಳಿಗೆ ಹೆಸರಿಡುವವರ ಹೆಸರು ಡಾಕ್ಟರ್ ಫಿಕ್ರಿ. ಒಳ್ಳೆಯವರು. "ಬಾರಪ್ಪಾ, ಈರುಳ್ಳಿ ಇದೆ, ಚೀಸಿದೆ, ಸಿಂಹಾಸನ ಖಾಲಿ ಇದೆ," ಎಂದರು.

ಮಧ್ಯಾಹ್ನ ಮೇಲೆ ಹೋದೆ. ಕಾಕಾ ಬಲಗಾಲ ಹೆಬ್ಬೆರಳು ಅಲ್ಲಾಡಿಸಿದ. ಒಂದು ಸಲ. ಮೂತ್ರ ಸರಿಯಾಗಿ ಹೋಗುತ್ತಿದೆ. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಹೊಸ ನರ್ಸಿಗೆ ಮರೆತುಹೋಗುತ್ತದೆ. ಇನ್ಸಾಫಿಗೆ ಹೇಳಿದೆ.

"ನೀವು ಈಗ ಇಲ್ಲಿ ಡಾಕ್ಟ್ರಲ್ಲ," ಎಂದಳು.

"ಗೊತ್ತು."

"ಗೊತ್ತಿದ್ರೆ ಆ ಕಡೆ ಹಿಡ್ಕೊಳ್ಳಿ, ನಾನು ಈ ಕಡೆ ಹಿಡೀತೀನಿ."

ಮಗ್ಗುಲು ಬದಲಿಸಿದೆವು.

ಜುಲೈ 12, ಬುಧವಾರ

ಕೆಳಗೆ ಕಾಕಾನ ಕಡತ ಸಿಕ್ಕಿತು. ಇಪ್ಪತ್ತೆರಡು ವರ್ಷದ್ದು, ಇಟ್ಟಿಗೆಯಷ್ಟು ದಪ್ಪ. ಪ್ರತಿ ಹಾಳೆಯಲ್ಲೂ "ಮರ್ಮರ ಸ್ಪಷ್ಟ". ನನ್ನ ಕೈಬರಹದಲ್ಲೇ ಹನ್ನೊಂದು ಸಲ. ಮೈಯ ತಾಪದ ಕಾಲಂ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಖಾಲಿ.

ಡಾಕ್ಟರ್ ಫಿಕ್ರಿ ಇಣುಕಿ ನೋಡಿ, "ಒಬ್ಬರೂ ಬರೆದಿಲ್ವಾ?" ಎಂದರು.

ಒಬ್ಬರೂ ಬರೆದಿಲ್ಲ.

ಜುಲೈ 19, ಬುಧವಾರ

ನಾಳೆ ಕಾಕಾ ಮನೆಗೆ. ಮಾತು ತುಂಡು ತುಂಡಾಗಿ ಬರುತ್ತಿದೆ. ಬಲಗೈ ಬರುವ ಭರವಸೆ ಕಡಿಮೆ. ಎಡಗೈಯಲ್ಲಿ ಹೊಲಿಯಲು ಕಲಿಯುತ್ತೇನೆ ಎಂಬ ಹಟ. ನಾನು ದಾರ ಪೋಣಿಸಿಕೊಡುತ್ತೇನೆ, ಅವನು ಆ ಕಪ್ಪು ಬಟ್ಟೆಯ ಮೇಲೆಯೇ ಅಂಕುಡೊಂಕು ಹೊಲಿಗೆ ಹಾಕುತ್ತಾನೆ. ಒಂಟಿ ತೋಳಿನ ನಿಲುವಂಗಿ ಈಗ ಅವನ ಕಾಪಿ ಪುಸ್ತಕ.

ಇವತ್ತು ಸೂಜಿ ನಿಲ್ಲಿಸಿ ಎದೆ ತೋರಿಸಿದ. "ಇದು... ಎಲ್ರೂ... ಕೇಳಿದ್ರು. ನಂಗೆ... ಯಾರೂ... ಹೇಳ್ಲಿಲ್ಲ. ಹೇಗೆ... ಕೇಳುತ್ತೆ... ಪಾಷಾ?"

ಇಪ್ಪತ್ತೆರಡು ವರ್ಷದಲ್ಲಿ ತನ್ನೆದೆಯ ಸದ್ದಿನ ಬಗ್ಗೆ ಅವನು ಕೇಳಿದ ಮೊದಲ ಪ್ರಶ್ನೆ ಇರಬೇಕು.

ನಾನೆಂದೆ: "ದೂರದ ಕೋಣೆಯಲ್ಲಿ ಹೊಲಿಗೆ ಮೆಷಿನ್ ಓಡಿದ ಹಾಗೆ ಕಾಕಾ. ದಪ್ಪ ಬಟ್ಟೆ ಬಂದಾಗ ಗುರ್ರ್ ಅಂತ ನಿಧಾನ ಆಗುತ್ತೆ. ಆಮೇಲೆ ಟಕ್ ಅಂತ ದಾಟಿ ಮತ್ತೆ ಓಡುತ್ತೆ."

ಅರ್ಧ ಮುಖದಲ್ಲಿ ನಕ್ಕ. ಕಣ್ಣು ಮುಚ್ಚಿ ಎಡಗೈಯನ್ನು ಎದೆಯ ಮೇಲೆ ಇಟ್ಟುಕೊಂಡ, ಆ ಮೆಷಿನ್ನನ್ನು ಕೇಳುವವನ ಹಾಗೆ. ಸನಿಯ್ಯಾ ಕಾಕಿ ಇಷ್ಟು ದಿನದಲ್ಲಿ ಮೊದಲ ಬಾರಿಗೆ ನನಗೂ ಒಂದು ಲೋಟ ಚಹಾ ಬಗ್ಗಿಸಿದಳು.

ಆ ಹೋಲಿಕೆ ಯಾವ ಪುಸ್ತಕದಲ್ಲೂ ಇಲ್ಲ. ನಾನು ಅಲ್ಲೇ ಕಟ್ಟಿ ಹೇಳಿದ್ದು. ಫ್ಯಾನಿನ ತಪ್ಪೂ ಅಲ್ಲ, ಸಿಲಿಂಡರಿನವನ ತಪ್ಪೂ ಅಲ್ಲ. ವಿದ್ಯಾರ್ಥಿಯಾಗಿ ಮೊದಲ ದಿನ ಪಕ್ಕದವನು ತಲೆಯಾಡಿಸಿದ, ನಾನೂ ಆಡಿಸಿದೆ. ಅಂದಿನಿಂದ ಇಂದಿನವರೆಗೆ ಆ ಸದ್ದು ನನಗೆ ಒಂದು ಸಲವೂ ಕೇಳಿಸಿಲ್ಲ.